ಕಷಾಯಕ್ಕೂ ಒಂದು ಹೊಡೆಯದ ಸಾಲು ಬೇಕು

ಎರಡನೇ ಮದ್ದಿಗೆ ಹೊಳವಾಗಲಿ ಅಂತ ಆಕಾಶ ನೋಡ್ತಾ ಕೂತ ದಿನಗಳು ಇವು. ಹೊರಗೆ ಮಳೆ, ಒಳಗೆ ಕೆಮ್ಮು. ಹುಲೇಕಲ್ ಸುತ್ತಮುತ್ತ ಯಾರ ಮನೆ ಅಂಗಳಕ್ಕೆ ಕಾಲಿಟ್ಟರೂ ಒಬ್ಬರಲ್ಲ ಒಬ್ಬರು ಶಾಲು ಹೊದ್ದು ಕೂತಿರ್ತಾರೆ. ಹಾಗಾಗಿ ಈ ಸಲದ ಟಿಪ್ಪಣಿ ಕಷಾಯದ ಬಗ್ಗೆ. ಓದ್ತಾ ಹೋದರೆ ಅಡಿಕೆಯೂ ಬರ್ತದೆ.

ಬರೆಯೋದಕ್ಕೆ ಎರಡು ಕಾರಣ. ಒಂದು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರತಿ ಮಳೆಗಾಲಕ್ಕೂ ಚಿಗುರೋ ಸಂದೇಶ: "ಕಿರಾತಕಡ್ಡಿ, ಅಮೃತಬಳ್ಳಿ, ಆಡುಸೋಗೆ ವೈರಸ್ ಕೊಲ್ಲುತ್ತವೆ, ಸಂಶೋಧನೆಯಿಂದ ಸಾಬೀತು." ಇನ್ನೊಂದು, ಆ ಸಂದೇಶದ ಹಿಂದೆಯೇ ಬರೋ ವ್ಯಾಪಾರ. ಒಬ್ಬ ಬಾಟಲಿ ಮಾರೋಕೆ ಬರ್ತಾನೆ, ಇನ್ನೊಬ್ಬ ಬಳ್ಳಿ ಕೊಳ್ಳೋಕೆ ಬರ್ತಾನೆ. ಬಾಟಲಿಗೆ ದುಡ್ಡು ಕೊಡೋರೂ ನಾವೇ, ಬೆಟ್ಟದಿಂದ ಬಳ್ಳಿ ಕಿತ್ತು ಕೊಡೋರೂ ನಾವೇ. ಎರಡೂ ಕಡೆ ಕೈ ನಮ್ಮದೇ ಇರೋದರಿಂದ ಈ ಮಾತನ್ನು ರೈತರ ನಡುವೆಯೇ ಆಡಬೇಕು ಅನಿಸಿತು.

ಮೊದಲೇ ಹೇಳಿಬಿಡ್ತೇನೆ, ನಾನು ಕಷಾಯದ ವಿರೋಧಿ ಅಲ್ಲ. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿದ ಕಷಾಯ ನಮ್ಮಲ್ಲಿ ಔಷಧಿಯೇ ಅಲ್ಲ, ಬಂದವರಿಗೆ ಕೊಡೋ ಆಸರಿ. ಶೀತ ಆದಾಗ ಅದಕ್ಕೆ ಶುಂಠಿ ಬೀಳ್ತದೆ, ಮೆಣಸು ಒಂದೆರಡು ಕಾಳು ಹೆಚ್ಚಾಗ್ತದೆ. ಬಿಸಿ ಬಿಸಿ ಕುಡಿದರೆ ಗಂಟಲಿಗೆ ಹಿತ, ಮೂಗು ಸಡಿಲ, ಮೈಗೆ ನೀರು ಸೇರ್ತದೆ. ಜ್ವರದ ಮೈಗೆ ನೀರು ಬೇಕೇ ಬೇಕು. ಇಷ್ಟಕ್ಕೆ ಯಾವ ಪ್ರಯೋಗಾಲಯದ ಸರ್ಟಿಫಿಕೇಟೂ ಬೇಡ. ಕೇಂದ್ರದ ಆಯುಷ್ ಸಚಿವಾಲಯ ಕೂಡ 2020ರಲ್ಲಿ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ ಹಾಕಿದ ಕಷಾಯ ಕುಡಿಯಿರಿ ಅಂತ ಹೇಳಿತ್ತು.

ಆದರೆ "ಹಿತ ಕೊಡ್ತದೆ" ಅನ್ನೋದು ಒಂದು ಮಾತು, "ವೈರಸ್ ಕೊಲ್ತದೆ" ಅನ್ನೋದು ಬೇರೆಯೇ ಮಾತು. ಮೊದಲನೆಯದಕ್ಕೆ ಅಜ್ಜಿ ಸಾಕ್ಷಿ ಸಾಕು. ಎರಡನೆಯದಕ್ಕೆ ಸಾಲದು. ಯಾಕೆ ಸಾಲದು ಅನ್ನೋದು ಅಡಿಕೆ ಬೆಳೆಗಾರರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು.

ಕೊಳೆಯನ್ನೇ ತಗೊಳ್ಳಿ. ಶ್ರಾವಣದ ಕೊನೆಗೆ ಯಾರೋ ಒಂದು ಹೊಸ ದ್ರಾವಣ ತಂದು "ಹೊಡೀರಿ, ಕೊಳೆ ನಿಲ್ತದೆ" ಅಂದ. ಹೊಡೆದಿರಿ. ಎಂಟು ದಿನಕ್ಕೆ ಕೊಳೆ ನಿಂತಿತು. ನಿಲ್ಲಿಸಿದ್ದು ದ್ರಾವಣವೋ, ಬಿಸಿಲು ಬಿದ್ದದ್ದೋ? ಹೇಗೆ ಹೇಳ್ತೀರಿ? ತಿಳಿಯೋಕೆ ಒಂದೇ ದಾರಿ. ಅದೇ ತೋಟದಲ್ಲಿ, ಅದೇ ತಗ್ಗಿನಲ್ಲಿ, ಅದೇ ತಳಿಯ ಒಂದು ಸಾಲಿಗೆ ಹೊಡೆಯದೇ ಬಿಡಬೇಕು. ಹೊಡೆದ ಸಾಲಿನಲ್ಲೂ ಹೊಡೆಯದ ಸಾಲಿನಲ್ಲೂ ಉದುರಿದ ಕಾಯಿ ಎಣಿಸಬೇಕು. ಎರಡರಲ್ಲೂ ಅಷ್ಟೇ ಉದುರಿದ್ದರೆ ದ್ರಾವಣಕ್ಕೆ ಕೊಟ್ಟ ದುಡ್ಡು ಹೊಳೆಗೆ ಹೋಯಿತು ಅಂತ ಲೆಕ್ಕ.

ಬೋರ್ಡೋ ನಮ್ಮ ತೋಟಗಳಲ್ಲಿ ಉಳಿದದ್ದು ಯಾರೋ ಸಂದೇಶ ಕಳಿಸಿದರು ಅಂತ ಅಲ್ಲ. ನೂರು ವರ್ಷಕ್ಕೂ ಹಿಂದೆ, 1910ರ ಸುಮಾರಿಗೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗ ಅಭ್ಯಾಸ ಮಾಡಿ, ಅದರ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಸುಣ್ಣದ ಮಿಶ್ರಣವನ್ನು ರೈತರ ಮುಂದಿಟ್ಟರು. ಅಲ್ಲಿಯವರೆಗೆ ಕೊನೆಗೆ ಕೊಟ್ಟೆ ಕಟ್ಟೋದೇ ಗತಿ ಆಗಿತ್ತು. ಹೊಡೆದ ತೋಟ, ಹೊಡೆಯದ ತೋಟ ಪಕ್ಕಪಕ್ಕ ಕಂಡಮೇಲೆ ಜನ ನಂಬಿದರು. ಇವತ್ತಿಗೂ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಅನ್ನೋ ಅಳತೆ ನಮ್ಮ ಕೊನೆಗೌಡರಿಗೂ ಬಾಯಿಪಾಠ. ಗುರುತು ಸಿಕ್ಕ ರೋಗ, ಅಳತೆ ಇರೋ ಮದ್ದು, ಹೋಲಿಸಿ ನೋಡಿದ ಫಲ, ಮೂರೂ ಅದರಲ್ಲಿ ಇವೆ.

ಈಗ ನೆಗಡಿಗೆ ಬನ್ನಿ. ಶೀತ ಕೊಳೆಗಿಂತಲೂ ಮೋಸದ ರೋಗ, ಯಾಕಂದರೆ ಹೆಚ್ಚಿನವರಲ್ಲಿ ಅದು ತಾನಾಗೇ ಹೋಗ್ತದೆ. ಔಷಧಿ ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಅಂತ ತಮಾಷೆ ಮಾಡ್ತೇವಲ್ಲ, ಅದು ತಮಾಷೆ ಮಾತ್ರ ಅಲ್ಲ. ನಾಲ್ಕನೇ ದಿನ ಕಷಾಯ ಶುರು ಮಾಡಿದವನಿಗೆ ಏಳನೇ ದಿನ ಗುಣ ಆದರೆ ಹೆಸರು ಕಷಾಯಕ್ಕೆ ಬರ್ತದೆ. ಆರನೇ ದಿನ ಡಾಕ್ಟರ ಹತ್ತಿರ ಹೋದವನಿಗೆ ಏಳನೇ ದಿನ ಗುಣ ಆದರೆ ಹೆಸರು ಡಾಕ್ಟರಿಗೆ. ಇಬ್ಬರದ್ದೂ ಶ್ರಾವಣದ ಕೊನೆಯಲ್ಲಿ ಹೊಡೆದ ಮದ್ದೇ.

ಹಾಗಾದರೆ ಆ "ಸಂಶೋಧನೆ" ಏನು? ಬಹಳಷ್ಟು ಸಲ ಅದು ನಡೆದಿರೋದು ಗಾಜಿನ ತಟ್ಟೆಯಲ್ಲಿ. ತಟ್ಟೆಯಲ್ಲಿ ಜೀವಕೋಶ ಬೆಳೆಸ್ತಾರೆ, ವೈರಸ್ ಬಿಡ್ತಾರೆ, ಮೇಲಿಂದ ಗಿಡದ ಸಾರ ಹಾಕ್ತಾರೆ. ವೈರಸ್ ಕಡಿಮೆ ಆದರೆ ಬರೀತಾರೆ. ಇದು ಬೇಕಾದ ಕೆಲಸವೇ, ಹುಡುಕಾಟದ ಮೊದಲ ಮೆಟ್ಟಿಲು. ಆದರೆ ತಟ್ಟೆಯಲ್ಲಿ ಸೋಪಿನ ನೀರೂ ವೈರಸ್ ಕೊಲ್ತದೆ, ಬ್ಲೀಚಿಂಗ್ ಪೌಡರೂ ಕೊಲ್ತದೆ. ತಟ್ಟೆಗೆ ಹಾಕಿದಷ್ಟು ಸಾರ ನಮ್ಮ ರಕ್ತಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಸೇರ್ತದಾ? ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ದೊಡ್ಡ ಶೂರ, ಆದರೆ ಬಾಯಿಂದ ತಗೊಂಡರೆ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಅಂಥ ಲೇಖನಗಳ ಕೊನೆಯಲ್ಲಿ "ಇದನ್ನು ಮನುಷ್ಯರಲ್ಲಿ ಪರೀಕ್ಷಿಸಬೇಕು" ಅಂತ ಬರೆದವರೇ ಸಾಮಾನ್ಯವಾಗಿ ಹೇಳಿರ್ತಾರೆ. ಫಾರ್ವರ್ಡ್ ಆಗಿ ಬರೋ ಸಂದೇಶದಲ್ಲಿ ಆ ಕೊನೆಯ ಸಾಲು ಇರೋದಿಲ್ಲ.

"ಗಿಡಮೂಲಿಕೆ ಅಂದರೆ ಇವರಿಗೆ ಅಸಡ್ಡೆ, ಇಂಗ್ಲಿಷ್ ಔಷಧಿ ಆದರೆ ಸುಮ್ಮನೆ ಒಪ್ತಾರೆ" ಅನ್ನೋರಿಗೆ ಒಂದು ಉದಾಹರಣೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ನೆನಪಿದೆಯಲ್ಲ? ತಟ್ಟೆಯಲ್ಲಿ ಅದೂ ಕೊರೋನಾ ವೈರಸ್ ತಡೆದಿತ್ತು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ 2020ರಲ್ಲಿ 1561 ರೋಗಿಗಳಿಗೆ ಅದನ್ನು ಕೊಟ್ಟರು, 3155 ರೋಗಿಗಳಿಗೆ ಕೊಡದೇ ಮಾಮೂಲಿ ಚಿಕಿತ್ಸೆ ಮಾಡಿದರು. 28 ದಿನಗಳಲ್ಲಿ ತೀರಿಕೊಂಡವರು ಕೊಟ್ಟವರಲ್ಲಿ ನೂರಕ್ಕೆ 27, ಕೊಡದವರಲ್ಲಿ ನೂರಕ್ಕೆ 25. ಅಲ್ಲಿಗೆ ಅದರ ಕಥೆ ಮುಗಿಯಿತು. ಅದೇ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಅಗ್ಗದ ಹಳೇ ಔಷಧಿ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ ಪಾಸಾಯಿತು. ಹೊಡೆಯದ ಸಾಲು ಗುಳಿಗೆ ಕಂಪನಿಯದ್ದೋ ಹಿತ್ತಲದ್ದೋ ಅಂತ ನೋಡೋದಿಲ್ಲ.

ಇನ್ನು ನಮ್ಮ ಗಿಡಗಳನ್ನು ಒಂದೊಂದಾಗಿ ನೋಡುವ.

ಆಡುಸೋಗೆ. ಬೇಲಿಗೆ ನೆಡ್ತೇವೆ, ದನ ಮುಟ್ಟೋದಿಲ್ಲ, ಕೆಮ್ಮಿಗೆ ಎಲೆಯ ರಸ ಜೇನಿನ ಜೊತೆ ಕೊಡ್ತೇವೆ. ಇದರ ಕಥೆ ನಮಗೆ ಹೆಮ್ಮೆಯದ್ದು. ಎಲೆಯಲ್ಲಿರೋ ವ್ಯಾಸಿಸಿನ್ ಅನ್ನೋ ಅಂಶವನ್ನು ಮಾದರಿಯಾಗಿ ಇಟ್ಟುಕೊಂಡು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಔಷಧಿ ಬಂತು, ಅದರಿಂದ ಆಂಬ್ರಾಕ್ಸಾಲ್ ಬಂತು. ಮೆಡಿಕಲ್ ಶಾಪಿನಿಂದ ತಂದ ಕೆಮ್ಮಿನ ಸಿರಪ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿ, ಇವೆರಡರಲ್ಲಿ ಒಂದು ಹೆಚ್ಚಾಗಿ ಇರ್ತದೆ. ಹಿತ್ತಲ ಗಿಡ ಮದ್ದಲ್ಲ ಅಂತ ಹೀಗಳೆಯೋರಿಗೆ ಇದೇ ಉತ್ತರ. ಆದರೆ ಗಮನಿಸಿ, ಈ ಔಷಧಿಗಳ ಕೆಲಸ ಕಫ ತೆಳು ಮಾಡಿ ಹೊರಗೆ ಬರೋ ಹಾಗೆ ಮಾಡೋದು. ವೈರಸ್ ಕೊಲ್ಲೋದಲ್ಲ. ಇನ್ನೊಂದು ಮಾತು, ಬಸುರಿಯರಿಗೆ ಆಡುಸೋಗೆ ಕೊಡಬಾರದು. ವ್ಯಾಸಿಸಿನ್ ಗರ್ಭಕೋಶವನ್ನು ಹಿಂಡ್ತದೆ.

ಕಿರಾತಕಡ್ಡಿ. ನೆಲಬೇವು ಅಂತಲೂ ಕರೀತಾರೆ. ನಮ್ಮ ಗಿಡಗಳ ಪೈಕಿ ಉಸಿರಾಟದ ಸೋಂಕಿಗೆ ಮನುಷ್ಯರ ಮೇಲೆ ಹೆಚ್ಚು ಪರೀಕ್ಷೆ ಆದದ್ದರಲ್ಲಿ ಇದೂ ಒಂದು. 2017ರಲ್ಲಿ ಪ್ರಕಟವಾದ ಒಂದು ಅವಲೋಕನದಲ್ಲಿ 33 ಪರೀಕ್ಷೆಗಳನ್ನು, ಒಟ್ಟು 7175 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದರು. ಕೆಮ್ಮು, ಗಂಟಲು ನೋವು ಬೇಗ ಕಡಿಮೆ ಆದ ಹಾಗೆ ಕಂಡಿತು. ಆದರೆ ಆ ಪರೀಕ್ಷೆಗಳಲ್ಲಿ ಹೆಚ್ಚಿನವು ಸರಿಯಾಗಿ ಮಾಡಿದ್ದಲ್ಲ ಅಂತಲೂ ಬರೆದರು. ಆಮೇಲೆ ಕೊರೋನಾ ಬಂತು. ಥಾಯ್ಲೆಂಡ್ ಸರಕಾರ 2020ರ ಡಿಸೆಂಬರಿನಲ್ಲಿ ಸೌಮ್ಯ ಲಕ್ಷಣದ ರೋಗಿಗಳಿಗೆ ಇದರ ಸಾರ ಕೊಡೋಕೆ ಪ್ರಾಯೋಗಿಕವಾಗಿ ಒಪ್ಪಿತು. 57 ಜನರ ಮೇಲೆ ಒಂದು ಪರೀಕ್ಷೆಯೂ ಆಯಿತು. ಸಾರ ತಗೊಂಡ 29 ಜನರಲ್ಲಿ ಯಾರಿಗೂ ನ್ಯುಮೋನಿಯಾ ಆಗಲಿಲ್ಲ, ತಗೊಳ್ಳದ 28 ಜನರಲ್ಲಿ ಮೂವರಿಗೆ ಆಯಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಆಮೇಲೆ ಅದನ್ನು ಬರೆದವರೇ ಲೆಕ್ಕಾಚಾರ ತಪ್ಪಾಗಿದೆ ಅಂತ ಲೇಖನ ವಾಪಸು ತಗೊಂಡರು. ಮೂರಕ್ಕೂ ಸೊನ್ನೆಗೂ ಇರೋ ಆ ಅಂತರ ಅದೃಷ್ಟದಿಂದಲೂ ಬರಬಹುದಾದಷ್ಟು ಸಣ್ಣದು. ಮೂವತ್ತು ಮರ ನೋಡಿ ತೋಟದ ಕೊಳೆ ಲೆಕ್ಕ ಹಾಕಿದ ಹಾಗೆ. ವಾಪಸು ತಗೊಂಡ ಸುದ್ದಿ ಮಾತ್ರ ನಮ್ಮ ಗುಂಪಿಗೆ ಬರಲೇ ಇಲ್ಲ.

ಅಂದರೆ ಕಿರಾತಕಡ್ಡಿ ಕೆಲಸಕ್ಕೆ ಬಾರದ್ದು ಅಂತಲಾ? ಅಲ್ಲ. ಗಂಟಲಿಗೆ, ಕೆಮ್ಮಿಗೆ ಒಳ್ಳೆಯದಿರಬಹುದು, ದೊಡ್ಡ ಪರೀಕ್ಷೆ ಮಾಡೋಕೆ ಯೋಗ್ಯ ಗಿಡ. ಇಷ್ಟೇ ಹೇಳೋಕೆ ಬರೋದು. ಇದಕ್ಕಿಂತ ಹೆಚ್ಚು ಹೇಳೋನು ವ್ಯಾಪಾರಿ.

ಅಮೃತಬಳ್ಳಿ. ಹೆಸರಲ್ಲೇ ಅಮೃತ ಇರೋದರಿಂದ ಇದರ ಮೇಲೆ ಸಂಶಯ ಪಡೋದು ಕಷ್ಟ. ಕೊರೋನಾ ಕಾಲದಲ್ಲಿ ದಿನಾ ಬೆಳಿಗ್ಗೆ ಕುಡಿದವರು ಎಷ್ಟೋ ಜನ. ಮುಂಬೈಯ ಲಿವರ್ ತಜ್ಞರು 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಮೃತಬಳ್ಳಿ ಕುಡಿದು ಕಾಮಾಲೆ, ಲಿವರ್ ಉರಿಯೂತ ಆಗಿ ಬಂದ ಆರು ರೋಗಿಗಳ ವರದಿ ಬರೆದರು. ಆಮೇಲೆ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಆ ಜಗಳ ತಜ್ಞರಿಗೆ ಬಿಡುವ. ನನಗೆ ಮುಖ್ಯ ಅನಿಸೋದು ಬೇರೆ. ಯಾರ ಮಾತು ನಿಜವಾದರೂ ಪಾಠ ಒಂದೇ. ಬಳ್ಳಿಯೇ ಕೆಲವರಿಗೆ ಆಗೋದಿಲ್ಲ ಅಂದರೆ ತಿಂಗಳುಗಟ್ಟಲೆ ಕುಡಿಯಬಾರದು. ಬೇರೆ ಬಳ್ಳಿ ಬೆರೆತದ್ದು ಅಂದರೆ, ಬೆಟ್ಟದಿಂದ ಕಿತ್ತು ಕೊಟ್ಟವನ ಕೈಯಲ್ಲೇ ತಪ್ಪು ಶುರುವಾದದ್ದು.

ಇಲ್ಲಿಂದ ಮಾತು ನಮ್ಮ ಬುಡಕ್ಕೇ ಬರ್ತದೆ. ಗಿಡ ಗುರುತಿಸೋದು ನಮಗೆ ಗೊತ್ತು ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಹೆಸರು ಮೋಸ ಮಾಡ್ತದೆ. ಸರಕಾರ 2021ರ ಏಪ್ರಿಲಿನಲ್ಲಿ ಸೌಮ್ಯ ಕೊರೋನಾಕ್ಕೆ ಹೇಳಿದ ಆಯುಷ್-64 ಗುಳಿಗೆಯನ್ನೇ ನೋಡಿ. ಮೂಲದಲ್ಲಿ ಅದು ಮಲೇರಿಯಾಕ್ಕೆ ಅಂತ ಮಾಡಿದ್ದು. ಅದರಲ್ಲಿ ಹಾಲೆ ಮರದ ತೊಗಟೆ, ಕಟುಕಿ, ಕಿರಾತ, ಗಜ್ಜುಗ ಇವೆ. ಅಲ್ಲಿರೋ ಕಿರಾತ ಹಿಮಾಲಯದ ಚಿರಾಯತ, ನಮ್ಮ ಅಂಗಳದ ಕಿರಾತಕಡ್ಡಿ ಅಲ್ಲ. ಎರಡೂ ಕಹಿ, ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿದೆ, ಗಿಡ ಮಾತ್ರ ಬೇರೆ ಬೇರೆ. ಇನ್ನು ಹಾಲೆ ಮರದ ತೊಗಟೆ ಅಂತ ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಕಾಸರಕದಲ್ಲಿ ಇರೋದು ಸ್ಟ್ರಿಕ್ನಿನ್ ವಿಷ.

ಅಳತೆಯದ್ದೂ ಇದೇ ಪಾಡು. ಥಾಯ್ಲೆಂಡಿನಲ್ಲಿ ಕೊಟ್ಟದ್ದು ದಿನಕ್ಕೆ 180 ಮಿಲಿಗ್ರಾಂ ಆಂಡ್ರೋಗ್ರಾಫೋಲೈಡ್, ಅಳೆದು ಗುಳಿಗೆ ಮಾಡಿದ್ದು. ಆ ಅಂಶ ಎಲೆಯಲ್ಲಿ ಹೆಚ್ಚು, ದಂಟಿನಲ್ಲಿ ಕಡಿಮೆ. ನೀರಿನಲ್ಲಿ ಸರಿಯಾಗಿ ಕರಗೋದೂ ಇಲ್ಲ, ಅದಕ್ಕೇ ಪ್ರಯೋಗಾಲಯದವರು ಸಾರ ತೆಗೆಯೋದು ಸಾಮಾನ್ಯವಾಗಿ ಮದ್ಯಸಾರದಲ್ಲಿ. ನಾವು ಒಂದು ಹಿಡಿ ಕಡ್ಡಿ ಕುದಿಸಿ ಕುಡಿದು "ಅದೇ ಔಷಧಿ" ಅನ್ನೋದು ಹೇಗೆ? ತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಅಳೆಯದೇ ಬೋರ್ಡೋ ಮಾಡಿದರೆ ಸಿಂಗಾರ ಸುಟ್ಟೀತು ಅಂತ ಹೆದರೋ ನಾವು, ಮಕ್ಕಳ ಹೊಟ್ಟೆಗೆ ಹೋಗೋದನ್ನು ಹಿಡಿ ಲೆಕ್ಕದಲ್ಲಿ ಹಾಕ್ತೇವೆ.

ಇನ್ನು ದುಡ್ಡಿನ ಮಾತು. "ನಮ್ಮ ಗಿಡಕ್ಕೆ ಬೇಡಿಕೆ ಬಂದರೆ ನಮಗೇ ಲಾಭ ಅಲ್ವಾ" ಅಂತ ಕೇಳ್ತಾರೆ. ಮಸಾಲೆಗೆ ಹಾಕೋ ಚಕ್ರಮೊಗ್ಗಿನ ಕಥೆ ಕೇಳಿ. ಫ್ಲೂ ಜ್ವರಕ್ಕೆ ಕೊಡೋ ಒಸೆಲ್ಟಾಮಿವಿರ್, ಅಂದರೆ ಟಾಮಿಫ್ಲೂ, ತಯಾರಾಗೋದು ಶಿಕಿಮಿಕ್ ಆಮ್ಲದಿಂದ. ಅದು ಸಿಗ್ತಾ ಇದ್ದದ್ದು ಮುಖ್ಯವಾಗಿ ಚೀನಾದ ಚಕ್ರಮೊಗ್ಗಿನಿಂದ. 2005ರಲ್ಲಿ ಹಕ್ಕಿಜ್ವರದ ಭಯಕ್ಕೆ ಮೊಗ್ಗಿನ ಬೇಡಿಕೆ ಏರಿತು. ಆಮೇಲೆ ಕಂಪನಿಗಳು ಅದೇ ಆಮ್ಲವನ್ನು ಬ್ಯಾಕ್ಟೀರಿಯಾ ಹುದುಗಿಸಿ ತೆಗೆಯೋಕೆ ಕಲಿತವು. ಮೊಗ್ಗನ್ನೇ ಕುದಿಸಿ ಕುಡಿದರೆ ಟಾಮಿಫ್ಲೂ ಆಗೋದಿಲ್ಲ, ಕಾರ್ಖಾನೆಯಲ್ಲಿ ಹಲವು ಹಂತ ದಾಟಿದ ಮೇಲೆಯೇ ಅದು ಔಷಧಿ. ಭಯದ ಮೇಲೆ ನಿಂತ ಬೇಡಿಕೆ ಭಯದ ಜೊತೆಗೇ ಇಳೀತದೆ ಅಂತ ವೆನಿಲ್ಲಾ ಬಳ್ಳಿ ಹಬ್ಬಿಸಿದ ನಮಗೆ ಬೇರೆ ಹೇಳಬೇಕಾಗಿಲ್ಲ.

ದರ ಇಳಿದರೆ ನಾವು ಸುಧಾರಿಸ್ಕೋತೇವೆ, ಬೆಟ್ಟ ಸುಧಾರಿಸೋದಿಲ್ಲ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧಿಯ ಅಂಶ ಇದೆ ಅಂತ ಗೊತ್ತಾದ ಮೇಲೆ ಬೇರು ಸಮೇತ ಕಡಿದು ಸಾಗಿಸಿದರು. ಅದು ನಿಜವಾದ ಔಷಧಿಯೇ, ಕಡಿದವನಿಗೆ ಸಿಕ್ಕಿದ್ದು ಮಾತ್ರ ಕೂಲಿ. ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು, ದರಕು ಕೊಡೋಕೆ ಇರೋದು. ಯಾರದ್ದೋ ಬಾಟಲಿಗೆ ಬಳ್ಳಿ ತುಂಬಿಸೋಕೆ ಅಲ್ಲ. ಬೆಳೆಯೋ ಆಸೆ ಇದ್ದವರು ಹಿತ್ತಲಲ್ಲಿ, ಬೇಲಿಯಲ್ಲಿ ಬೆಳೆಸಲಿ. ಶಿರಸಿಯ ಅರಣ್ಯ ಕಾಲೇಜಿನವರಿಗೆ ಗಿಡ ತೋರಿಸಿ ಜಾತಿ ಖಾತ್ರಿ ಮಾಡಿಕೊಳ್ಳಲಿ. ಲಿಖಿತ ಖರೀದಿ ಕರಾರು ಇದ್ದರೆ ಮಾತ್ರ ಹೆಚ್ಚಿಸಲಿ.

ಕೊನೆಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಮೊನ್ನೆ ಒಬ್ಬ ಹಿರಿಯರು ಕೇಳಿದರು: "ಕುಡದ್ರೆ ಕಳಕೊಳ್ಳದು ಎಂತ ಇದ್ದು?" ಕಳಕೊಳ್ಳೋದು ಸಮಯ ಮಾವ, ಸಮಯ. ಫ್ಲೂ ಔಷಧಿ ಚೆನ್ನಾಗಿ ಕೆಲಸ ಮಾಡೋದು ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. "ಎರಡು ದಿನ ಕಷಾಯ ಕುಡಿದು ನೋಡುವ" ಅಂದರೆ ಆ ಎರಡು ದಿನವೇ ಹೋಯಿತು. ಹರೆಯದವರಿಗೆ ಪರವಾಗಿಲ್ಲ. ವಯಸ್ಸಾದವರಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯದ ತೊಂದರೆ ಇದ್ದವರಿಗೆ, ಸಣ್ಣ ಮಕ್ಕಳಿಗೆ ಅದು ಜೀವದ ಪ್ರಶ್ನೆ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಲ್ಲರೂ ಸೇರಿ ಕೂಗಿದೆವು. ಇಂದಿಗೂ ತೀರಾ ಗಂಭೀರ ಆದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಆಸ್ಪತ್ರೆ ದೂರ ಇದೆ ಅನ್ನೋದು ಕಾಯೋಕೆ ಕಾರಣ ಅಲ್ಲ, ಬೇಗ ಹೊರಡೋಕೆ ಕಾರಣ.

ಹಾಗಾಗಿ ನಮ್ಮ ಮನೆಯಲ್ಲಿ ಇಟ್ಟುಕೊಂಡಿರೋ ಪದ್ಧತಿ ಇಷ್ಟು. ಶೀತ ಕೆಮ್ಮಿಗೆ ಕಷಾಯ, ಗಂಜಿ, ವಿಶ್ರಾಂತಿ. ಕೆಮ್ಮಿಗೆ ಜೇನು ಒಳ್ಳೆಯದು, ಅದಕ್ಕೆ ಪರೀಕ್ಷೆಗಳ ಬೆಂಬಲವೂ ಇದೆ, ಆದರೆ ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಉಸಿರು ಮೇಲೆ ಬಿದ್ದರೆ, ಎದೆ ನೋವು ಬಂದರೆ, ಬಿಟ್ಟ ಜ್ವರ ಮತ್ತೆ ಏರಿದರೆ, ಮಾತು ತೊದಲಿ ಗಲಿಬಿಲಿ ಆದರೆ, ಬೆರಳಿಗೆ ಹಾಕೋ ಮೀಟರಿನಲ್ಲಿ ಆಮ್ಲಜನಕ 94ಕ್ಕಿಂತ ಇಳಿದರೆ, ಮಗು ಹಾಲು ನೀರು ಬಿಟ್ಟರೆ, ಒಲೆ ಆರಿಸಿ ಗಾಡಿ ತೆಗೆಯೋದು. ಮೇಲೆ ಹೇಳಿದ ನಾಜೂಕು ಆರೋಗ್ಯದವರಾದರೆ ಜ್ವರದ ಮೊದಲ ದಿನವೇ ಡಾಕ್ಟರಿಗೆ ತೋರಿಸೋದು. ಏನೇನು ಕಷಾಯ, ಎಷ್ಟು ದಿನ ಕುಡಿದದ್ದು ಅಂತ ಡಾಕ್ಟರಿಗೆ ಮುಚ್ಚಿಡದೇ ಹೇಳೋದು. ಅವರು ಬಯ್ದರೆ ಬಯ್ಯಲಿ.

ಸಹಕಾರಿ ಸಂಘಗಳಿಗೆ, ಆಯುರ್ವೇದ ಬಲ್ಲವರಿಗೆ ನನ್ನ ಬೇಡಿಕೆಯೂ ಒಂದೇ. ನಮ್ಮ ಗಿಡಗಳ ಮೇಲೆ ನಿಜವಾಗಿ ಅಭಿಮಾನ ಇದ್ದರೆ ಹೊಗಳಿಕೆ ಬೇಡ, ಪರೀಕ್ಷೆ ಮಾಡಿಸಿ. ಗುರುತು ಖಾತ್ರಿಯಾದ ಗಿಡ, ಅಳೆದ ಸಾರ, ಸಾಕಷ್ಟು ರೋಗಿಗಳು, ಪಕ್ಕದಲ್ಲಿ ಹೊಡೆಯದ ಸಾಲು. ಗೆದ್ದರೆ ಆಡುಸೋಗೆಯ ಹಾಗೆ ಲೋಕಕ್ಕೇ ಔಷಧಿ. ಸೋತರೆ ತಂಬುಳಿಗೆ ಯಾರೂ ಅಡ್ಡ ಬರೋದಿಲ್ಲ.

ಮುಂದಿನ ಸಲ ಆ ಸಂದೇಶ ಬಂದಾಗ ಮುಂದೂಡೋ ಮೊದಲು ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ. ತಟ್ಟೆಯಲ್ಲೋ, ಮನುಷ್ಯರಲ್ಲೋ? ಎಷ್ಟು ಜನರಲ್ಲಿ? ಕೊಡದವರಲ್ಲಿ ಏನಾಯಿತು? ಉತ್ತರ ಬಂದರೆ ನನಗೂ ಕಳಿಸಿ, ಇಲ್ಲೇ ಹಾಕ್ತೇನೆ. ಎರಡನೇ ಮದ್ದು ಮುಗಿಸಿದವರು ನಿಮ್ಮ ಕಡೆ ಕೊಳೆ ಹೇಗಿದೆ ಅಂತಲೂ ಬರೆಯಿರಿ.